ಕೋಸಿನ ಪೀಪಾಯಿಯ ಕಲ್ಲು

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವ ಹುಚ್ಚು ವೆತೂರಿಯಾಗೇನೂ ಇರಲಿಲ್ಲ. ಅವಳು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿತ್ತು. ಹಾತ್ಸೆಗ್ ಕಣಿವೆಯ ಆ ಹಳ್ಳಿಯಲ್ಲಿ ವರ್ಷವಿಡೀ ನಡೆಯುವಂಥ ಕೆಲಸ ಹೊಸದಾಗಿ ಹುಟ್ಟಿದ್ದು ಒಂದೇ. ಹಳೇ ಶಾಲೆಯ ಕಟ್ಟಡದಲ್ಲಿ ಡೈನೋಸಾರ್ ಮ್ಯೂಸಿಯಂ ತೆರೆಯುವವರಿದ್ದರು. ಪರದೇಶದವರಿಗೆ ಮೂಳೆ ತೋರಿಸಿ ಇಂಗ್ಲಿಷಿನಲ್ಲಿ ಕಥೆ ಹೇಳಲು ಒಬ್ಬರು ಬೇಕಾಗಿದ್ದರು. ಆ ಒಬ್ಬರು ತಾನೇ ಆಗಬೇಕೆಂದು ವೆತೂರಿಯಾ ಹಟ ಹಿಡಿದಿದ್ದಳು.

ನಿವೃತ್ತ ಮೇಷ್ಟ್ರು ಪಾಂಪಿಲಿಯು ಪ್ರತಿ ಮಂಗಳವಾರ ಸಂಜೆ ಊರಿನ ಸಭಾಭವನದಲ್ಲಿ ಪಾಠ ಶುರುಮಾಡಿದರು. ಪುಸ್ತಕ ಗಿಸ್ತಕ ಇರಲಿಲ್ಲ. ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿ ತಂದ ಒಂದೇ ಒಂದು ಸುದ್ದಿ, ಜೊತೆಗೆ ಮೂಳೆಯ ಚಿತ್ರ. ಇದೇ ಊರಿನ ಹಳ್ಳದ ದಂಡೆಯಲ್ಲಿ ಎತ್ತಿನ ಗಾತ್ರದ ಕುಳ್ಳ ಡೈನೋಸಾರಿನ ಮೂಳೆಗಳು ಸಿಕ್ಕ ಸುದ್ದಿ ಅದು. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದಿದರೆ ಅರ್ಧ ಭಯ ತಾನಾಗಿ ಹೋಗುತ್ತದೆ ಎಂಬುದು ಮೇಷ್ಟ್ರ ಲೆಕ್ಕಾಚಾರ. ಚಳಿಗಾಲವಿಡೀ ಹನ್ನೊಂದು ಜನ ಆ ಸುದ್ದಿಯನ್ನೇ ಅಗಿದರು. ಬೋನ್, ಫಾಸಿಲ್, ಲೇಯರ್, ಫೌಂಡ್. 'ವರ್ಟಿಬ್ರಾ' ಬಂದ ದಿನ ಮೇಷ್ಟ್ರು ಬೆನ್ನು ಬಾಗಿಸಿ ನಿಂತು ತಮ್ಮ ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ಮುಟ್ಟಿ ತೋರಿಸಿದರು. ಇವರನ್ನೂ ಮ್ಯೂಸಿಯಂನಲ್ಲೇ ಇಟ್ಟುಬಿಡಬಹುದು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

ಮನೆಯಲ್ಲಿ ವೆತೂರಿಯಾ ಒಲೆಯ ಮುಂದೆ ನಿಂತು ಪದ, ಅರ್ಥ ಎರಡನ್ನೂ ಜೋರಾಗಿ ಬಾಯಿಪಾಠ ಮಾಡುತ್ತಿದ್ದಳು. ಅತ್ತೆ ಜಾಮ್‌ಫಿರಾ ಎದುರಿಗೆ ಕೂತು, ಕಣ್ಣು ಕತ್ತಿಯಿಂದ ಕದಲಿಸದೆ, ಆಲೂಗಡ್ಡೆ ಸುಲಿಯುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಮಾತು ಕಡಿಮೆ. ಸತ್ತ ಪ್ರಾಣಿಗೆ ಇಷ್ಟೊಂದು ಹೆಸರಿಟ್ಟಿದ್ದಾರೆ, ಬದುಕಿರುವ ಹಸುವಿಗೆ ಒಂದೇ ಹೆಸರು ಸಾಕಾಗಿದೆ ಎಂದು ಒಮ್ಮೆ ಗೊಣಗಿದ್ದಳು, ಅಷ್ಟೆ.

ಆ ಊರಿನಲ್ಲಿ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಕೋಸು ಹುಳಿಹಾಕುವ ಪೀಪಾಯಿ ಇರುತ್ತದೆ. ಕೋಸು ಉಪ್ಪುನೀರಿನಿಂದ ಮೇಲೆ ತೇಲದಂತೆ ಅದರ ಮೇಲೊಂದು ಕಲ್ಲು ಇಡುತ್ತಾರೆ. ಪೀಪಾಯಿ ಕೊಳೆತರೆ ಹೊಸದು ಬರುತ್ತದೆ, ಕಲ್ಲು ಮಾತ್ರ ಬದಲಾಗುವುದಿಲ್ಲ. ಎರವಲು ಕಲ್ಲಿಟ್ಟರೆ ಕೋಸು ಮೆತ್ತಗಾಗುತ್ತದೆ ಎನ್ನುತ್ತಾರೆ. ಅತ್ತೆ ಕಣ್ಣು ಮುಚ್ಚಿದ ಮೇಲಷ್ಟೇ ಕಲ್ಲು ಸೊಸೆಯದಾಗುತ್ತದೆ. ಈ ಮನೆಯ ಕಲ್ಲನ್ನು ಜಾಮ್‌ಫಿರಾಳ ಗಂಡ ಆವ್ರಾಮ್ ಮದುವೆಯಾದ ವರ್ಷ ಹಳ್ಳದಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ಅವನು ಸತ್ತು ಇಪ್ಪತ್ತು ವರ್ಷವಾಗಿತ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ಉಪ್ಪುನೀರು ಕಲಕಲೆಂದು ವೆತೂರಿಯಾ ಆ ಕಲ್ಲನ್ನು ಎತ್ತಿದಳು. ನೂರಾರು ಸಲ ಎತ್ತಿದ ಕಲ್ಲೇ. ಆದರೆ ಆವತ್ತು ಬೆರಳುಗಳು ಅದರ ಎರಡೂ ಪಕ್ಕದ ಗುಳಿಗಳ ಮೇಲೆ ನಿಂತವು. ಒಂದು ತುದಿ ಬೋಗುಣಿಯಂತೆ ತಗ್ಗು, ಇನ್ನೊಂದು ತುದಿ ಉಬ್ಬು, ಮೇಲೆ ಮುರಿದ ಮೊಟಕು. ಪತ್ರಿಕೆಯ ಚಿತ್ರದಲ್ಲಿದ್ದದ್ದು ಇದೇ. ಕಲಿತ ಪದಗಳೆಲ್ಲ ಒಂದೊಂದಾಗಿ ಬಂದು ಆ ಕಲ್ಲಿನ ಮೇಲೆ ಕೂತವು. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ಮಧ್ಯಾಹ್ನ ಅತ್ತೆಗೆ ಹೇಳಿದಳು. ಕಲ್ಲು ಕಲ್ಲಲ್ಲ, ಮೂಳೆ, ಅದನ್ನು ಕೊಟ್ಟರೆ ಕೆಲಸ ತನಗೇ ಖಾತ್ರಿ ಎಂದಳು.

"ಮೂಳೆನೋ, ಮಣ್ಣೋ. ಅವನು ಹೊತ್ತು ತಂದಿದ್ದು," ಎಂದಳು ಜಾಮ್‌ಫಿರಾ. "ನಾನು ಹೋದ್ಮೇಲೆ ಏನು ಬೇಕಾದ್ರೂ ಮಾಡ್ಕೋ."

ಫೆಬ್ರವರಿಯ ಕೊನೆಯ ಸೋಮವಾರ ಸಂದರ್ಶನವಿತ್ತು. ಅಂಚೆ ಕಚೇರಿಯ ಒಟಿಲಿಯಾ ಕೂಡ ಅರ್ಜಿ ಹಾಕಿದ್ದಾಳೆಂದು ಗೊತ್ತಾಯಿತು. ಅವಳು ಎರಡು ವರ್ಷ ಐರ್ಲೆಂಡಿನಲ್ಲಿದ್ದು ಬಂದವಳು, ಅರಳು ಹುರಿದಂತೆ ಇಂಗ್ಲಿಷ್ ಮಾತಾಡುವವಳು. ವೆತೂರಿಯಾಗೆ ನಿದ್ದೆ ಹಾರಿಹೋಯಿತು. ಅತ್ತೆ ಹೋಗುವವರೆಗೆ ಕೆಲಸ ಕಾಯುತ್ತದೆಯೇ? ಭಾನುವಾರ ಜಾಮ್‌ಫಿರಾ ಚರ್ಚಿಗೆ ಹೋದಾಗ ಅವಳು ಪೀಪಾಯಿಯ ಮೇಲೆ ಬೇರೊಂದು ಕಲ್ಲಿಟ್ಟು, ಮೂಳೆಯನ್ನು ಹಳೇ ದಿಂಬಿನ ಚೀಲದಲ್ಲಿ ಸುತ್ತಿದಳು. ಅದು ಕಳ್ಳತನವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜಿಲ್ಲಾ ಕಚೇರಿಯ ಅಧಿಕಾರಿಣಿ ಮತ್ತು ಹಾಲೆಂಡಿನ ಮೂಳೆ ಪಂಡಿತನ ಮುಂದೆ ಒಟಿಲಿಯಾ ಕಾಲು ಗಂಟೆ ನಿರರ್ಗಳವಾಗಿ ಮಾತಾಡಿ ಹೊರಗೆ ಬಂದಳು. ವೆತೂರಿಯಾ ಒಳಗೆ ಹೋಗಿ ಚೀಲ ಬಿಚ್ಚಿದಳು. ಪಂಡಿತ ಎದ್ದು ನಿಂತ. ಮೂಳೆಯನ್ನು ಹೊರಳಿಸಿ ನೋಡಿದ, ಮೂಸಿ ನೋಡಿದ, ಮಣ್ಣನ್ನು ಇಷ್ಟು ಚೊಕ್ಕವಾಗಿ ತೆಗೆಯಲು ಯಾವ ಹುಳಿ ಬಳಸಿದಿರಿ ಎಂದು ಕೇಳಿದ. ಆಮೇಲೆ, ಇದು ಸಿಕ್ಕಿದ್ದು ಯಾರಿಗೆ ಎಂದ. ನಿಜ ಹೇಳಿದರೆ ಮನೆಗೆ ಬರುತ್ತಾರೆ, ಅತ್ತೆಯನ್ನು ಕೇಳುತ್ತಾರೆ, ಅತ್ತೆ ಕೊಡೆನೆನ್ನುತ್ತಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ನನಗೆ, ಹಳ್ಳದಲ್ಲಿ, ಎಂದು ಅವಳು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು. ಕೆಲಸ ಅವಳದಾಯಿತು.

ಮರುದಿನ ಜಾಮ್‌ಫಿರಾ ಸರ್ಮಾಲೆಗೆ, ಅಂದರೆ ಮಾಂಸ ತುಂಬಿದ ಕೋಸಿನ ಸುರುಳಿಗೆ, ಹುಳಿ ಕೋಸಿನೆಲೆ ತರಲೆಂದು ನೆಲಮಾಳಿಗೆಗೆ ಇಳಿದಳು. ಬರಿಗೈಯಲ್ಲಿ ಮೇಲೆ ಬಂದಳು. ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ಸರ್ಮಾಲೆ ಆಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ವೆತೂರಿಯಾಗೆ ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು.

ಏಪ್ರಿಲ್‌ನಲ್ಲಿ ಮ್ಯೂಸಿಯಂ ತೆರೆಯಿತು. ಗಾಜಿನ ಪೆಟ್ಟಿಗೆಯೊಳಗೆ ಮೂಳೆ, ಅದರ ಕೆಳಗೆ ಇಂಗ್ಲಿಷ್ ಚೀಟಿ, ಚೀಟಿಯಲ್ಲಿ ವೆತೂರಿಯಾಳ ಹೆಸರು. ಮೇ ತಿಂಗಳ ಒಂದು ದಿನ ಅಧಿಕಾರಿಣಿಯೇ ಹನ್ನೆರಡು ಜನ ಪರದೇಶದ ಅತಿಥಿಗಳನ್ನು ಕರೆತಂದಿದ್ದಳು. ವೆತೂರಿಯಾ ಹೇಳಬೇಕಾದದ್ದನ್ನು ತಡವರಿಸದೆ ಹೇಳುತ್ತಾ ಬಂದಳು. ಗಾಜಿನ ಪೆಟ್ಟಿಗೆಯ ಹತ್ತಿರ ಬಂದಾಗ ಗುಂಪಿನ ಹಿಂದೆ ಕಪ್ಪು ತಲೆವಸ್ತ್ರ ಕಂಡಿತು. ಜಾಮ್‌ಫಿರಾ ಯಾವಾಗ ಬಂದು ನಿಂತಿದ್ದಳೋ ಏನೋ.

ವೆತೂರಿಯಾ ಒಮ್ಮೆ ಅತ್ತೆಯನ್ನು, ಒಮ್ಮೆ ಅಧಿಕಾರಿಣಿಯನ್ನು ನೋಡಿದಳು. ಆದರೂ ಹೇಳಿದಳು: ಈ ವರ್ಟಿಬ್ರಾ ನನಗೆ ಸಿಕ್ಕಿತು. ಸೊಸೆಯ ಇಂಗ್ಲಿಷ್ ಅತ್ತೆಗೆ ಎಲ್ಲಿ ಅರ್ಥವಾಗಬೇಕು ಎಂಬ ಧೈರ್ಯ.

ಮುದುಕಿ ಅತಿಥಿಗಳನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದು ಗಾಜಿನ ಮೇಲೆ ಬೆರಳಿಟ್ಟಳು.

"ಫೌಂಡ್ ಅಂದ್ರೆ ಸಿಕ್ತು ಅಂತ," ಎಂದಳು. "ಚಳಿಗಾಲ ಪೂರ್ತಿ ನಿನ್ನ ಬಾಯಲ್ಲೇ ಕೇಳಿದೀನಿ. 'ಐ' ಅಂದ್ರೆ ನಾನು ಅಂತ. ಅದೂ ಗೊತ್ತು."

ವೆತೂರಿಯಾ ಚೀಟಿಯಲ್ಲಿದ್ದ ತನ್ನ ಹೆಸರಿನತ್ತ ನೋಡಿದಳು.

"ಕಲ್ಲು ತಗೊಂಡೆ, ತಗೋ. ಕೊಡ್ತಿದ್ನೋ ಏನೋ, ಇನ್ನೊಂದ್ಸಲ ಕೇಳಿದ್ರೆ. ಅವನ ಹೆಗಲು ಹುಣ್ಣಾಗಿತ್ತು ಕಣೇ ಆವತ್ತು. ನಾನೇ ಎಣ್ಣೆ ಹಚ್ಚಿದ್ದೆ. ಅವನನ್ಯಾಕೆ ಅಳಿಸಿಹಾಕ್ದೆ?"

ಅತಿಥಿಗಳು ಮುಖ ಮುಖ ನೋಡಿಕೊಂಡರು. ಅಧಿಕಾರಿಣಿ ಕೈಲಿದ್ದ ಕಾಗದ ಮಡಿಸಿ ಇಬ್ಬರ ಕಡೆಗೂ ತಿರುಗಿದಳು. ಅವಳಿಗೆ ಎರಡೂ ಭಾಷೆ ಬರುತ್ತಿತ್ತು. ಇಂಗ್ಲಿಷ್ ಪಾಠಗಳೆಲ್ಲ ಈ ಒಂದು ಗಳಿಗೆಯಲ್ಲಿ ನೀರುಪಾಲಾಗಬಹುದೆಂದು ವೆತೂರಿಯಾಗೆ ಗೊತ್ತಿತ್ತು. ಹೆದರಿಕೆಯಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

ಅವಳು ಅತಿಥಿಗಳ ಕಡೆ ತಿರುಗಿದಳು. ಬಾಯಿಪಾಠದಲ್ಲಿ ಇಲ್ಲದ್ದನ್ನು ಹೇಳಬೇಕಾಗಿ ಬಂದಾಗ ಪದಗಳು ಮುರಿದು ಮುರಿದು ಬಂದವು. ನಾನು ಹೇಳಿದ್ದು ಸುಳ್ಳು. ಇದು ಸಿಕ್ಕಿದ್ದು ನನಗಲ್ಲ, ಆವ್ರಾಮ್‌ಗೆ. ಆವ್ರಾಮ್ ಇವರ ಗಂಡ. ಹಳ್ಳದಿಂದ ಹೆಗಲ ಮೇಲೆ ಹೊತ್ತು ತಂದ. ಹೆಗಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ, ತನ್ನ ಹೆಗಲನ್ನೇ ಮುಟ್ಟಿ ತೋರಿಸಿದಳು.

ಅತಿಥಿಗಳಲ್ಲೊಬ್ಬ ಎತ್ತರದ ಮನುಷ್ಯ ಮುದುಕಿಯ ಕಡೆ ತಿರುಗಿ ಟೋಪಿ ತೆಗೆದ. ಅಧಿಕಾರಿಣಿ, ಆಮೇಲೆ ಮಾತಾಡೋಣ ಎಂದು ವೆತೂರಿಯಾಗೆ ಸಣ್ಣದಾಗಿ ಹೇಳಿದಳು.

ಜಾಮ್‌ಫಿರಾ ಇದ್ಯಾವುದನ್ನೂ ಗಮನಿಸಲಿಲ್ಲ. ಗಾಜಿನ ಮೇಲಿನ ಬೆರಳನ್ನೂ ತೆಗೆಯಲಿಲ್ಲ.

"ಇನ್ನೊಂದ್ಸಲ ಹೇಳೇ," ಎಂದಳು. "ಅವನ ಹೆಸರು ಬಂತಲ್ಲ, ಅದನ್ನ."