ಅಂಗಳದಲ್ಲಿ ಬಗ್ಗಿದವರು

ಇರಕಲ್ಲಗಡದ ಶಂಕ್ರಮ್ಮನ ಮನೆಗೆ ನೆಂಟರು ಬರುವುದನ್ನೇ ಬಿಟ್ಟಿದ್ದರು. ಅವಳ ನಾಯಿ ಕಾಳ್ಯಾ, ಊರಿನ ಜಮೀನು ಲೆಕ್ಕ ಬರೆಯುವ ಪಟವಾರಿಯ ಶೇರವಾನಿಯನ್ನೇ ಹರಿದು ಹಾಕಿದ ಮೇಲೆ ಗಂಡ ಕೊಟ್ರಬಸಪ್ಪ ಹಠ ಹಿಡಿದ: "ಈ ಹಾಳ ನಾಯೀನ ಕುರಿಹಟ್ಟಿಗೆ ಬಿಟ್ಟು ಬರ್ತೀನಿ."

"ನಾಯಿ ಎಲ್ಲೂ ಹೋಗಂಗಿಲ್ಲರಿ. ಅದನ್ನ ನಾ ತಿದ್ದತೀನಿ," ಎಂದಳು ಶಂಕ್ರಮ್ಮ.

ಅವಳು ಕಣ್ಣಿಟ್ಟು ನೋಡಿದಳು. ಅಂಗಳಕ್ಕೆ ಬಂದವರನ್ನು ಕಾಳ್ಯಾ ಸುಮ್ಮನೆ ನೋಡುತ್ತಿತ್ತು. ತಂಬಿಗೆ ಹಿಡಿದು ಕಾಲು ತೊಳೆಯಲು ಅವರು ಬಗ್ಗಿದರೆ ಸಾಕು, ಮೈಮೇಲೆ ಹಾರುತ್ತಿತ್ತು. ಬಗ್ಗಿದವರು ಕಲ್ಲು ಎತ್ತುತ್ತಾರೆಂದೇ ಅದರ ಲೆಕ್ಕ.

ಅಂದಿನಿಂದ ಕಾಳ್ಯಾನನ್ನು ಕಂಬಕ್ಕೆ ಕಟ್ಟಿ, ತಾನೇ ನೆಂಟಳಂತೆ ಹೊರಗಿನಿಂದ ಬಂದು, ಬಗ್ಗಿ ಕಾಲು ತೊಳೆದು, ಅದಕ್ಕೊಂದು ರೊಟ್ಟಿ ತುಣುಕು ಹಾಕತೊಡಗಿದಳು. ಆಮೇಲೆ ಓಣಿಯ ಹೆಂಗಸರನ್ನೂ ದೂರ ನಿಲ್ಲಿಸಿ, ಅವರಿಂದಲೂ ಅದನ್ನೇ ಮಾಡಿಸಿದಳು. "ನಾಯಿಗೆ ಬೀಗರ ಉಪಚಾರ ನಡದೈತಿ," ಎಂದು ಓಣಿಯೆಲ್ಲ ನಕ್ಕಿತು. ನಗುವವರು ನಗಲಿ, ರೊಟ್ಟಿ ತನ್ನದು, ನಾಯಿಯೂ ತನ್ನದು.

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಗಿಣಿಗೇರಾದಿಂದ ಅವಳ ಅಣ್ಣ ಬಂದ. ಅಂಜುತ್ತಲೇ ಬಗ್ಗಿ ಕಾಲು ತೊಳೆದ. ಕಾಳ್ಯಾ ಬಾಲ ಅಲ್ಲಾಡಿಸುತ್ತ ರೊಟ್ಟಿಗಾಗಿ ಕಾದು ಕೂತಿತು.

ದಿನಾ ಹಿತ್ತಲಲ್ಲಿ ಕಾಲು ತೊಳೆಯುವ ಕೊಟ್ರಬಸಪ್ಪ, ಅಂದು ಭಾವನ ಜೊತೆ ತಾನೂ ಅಂಗಳದಲ್ಲೇ ಬಗ್ಗಿದ. ಕಾಳ್ಯಾ ಬಾಲ ಮುದುರಿಕೊಂಡು, ಕುಂಯ್ಗುಡುತ್ತ ಕಂಬದ ಹಿಂದೆ ಅಡಗಿತು.

ಶಂಕ್ರಮ್ಮ ಗಂಡನ ಕೈಯನ್ನೊಮ್ಮೆ, ಅಂಗಳದ ಕಲ್ಲುಗಳನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಇಡೀ ರೊಟ್ಟಿ ತಂದು ಗಂಡನ ಕೈಯಲ್ಲಿಟ್ಟಳು.

"ಹಿಡೀರಿ. ನಾಳಿಂದ ನೀವೂ ಇಲ್ಲೇ ಕಾಲು ತೊಳೀರಿ."