ಕರ್ಮಣಿ ಪ್ರಯೋಗ

ಭೈರೇಶನಿಗೆ ಅಭಿಪ್ರಾಯ ಎಂಬುದೇ ಇರಲಿಲ್ಲ. ಹೆಗ್ಗನಹಳ್ಳಿಯಲ್ಲಿ, ದೊಡ್ಡಪ್ಪನ ಮಗ ಕಾಂತರಾಜುವಿನ ಕೈಕೆಳಗೆ ಬೆಳೆದವನಿಗೆ ಇಪ್ಪತ್ತಾರು ವರ್ಷವಾದರೂ ಅದರ ಅಗತ್ಯ ಬಿದ್ದಿರಲಿಲ್ಲ. ಕಾಂತರಾಜು ಟಿಪ್ಪರ್ ತೆಗೆ ಅಂದರೆ ತೆಗೆಯುವುದು, ಜೆಸಿಬಿ ಹತ್ತು ಅಂದರೆ ಹತ್ತುವುದು, ಇಳಿದು ಬಾ ಅಂದರೆ ಇಳಿದು ಅವನ ಹಿಂದೆ ಸುಮ್ಮನೆ ನಿಲ್ಲುವುದು. ಅಂಥವನನ್ನು ಕೂರಿಸಿ, ಸಮಾಜದಲ್ಲಿ ಹೆಚ್ಚುತ್ತಿರುವ ಒಂಟಿತನದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ನಲವತ್ತು ನಿಮಿಷದಲ್ಲಿ, ಇನ್ನೂರೈವತ್ತು ಪದಗಳಲ್ಲಿ, ಅದೂ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪಾಪ ಏನು ಬರೆದಾನು.

ಆದರೂ ಬರೆಯಲೇಬೇಕಿತ್ತು. ನಂದಿನಿ ಲೇಔಟಿನ ಗೆಳೆಯ ಚನ್ನವೀರೇಶ್ ಎರಡು ವರ್ಷದ ಹಿಂದೆ ನ್ಯೂಜಿಲೆಂಡಿಗೆ ಹೋಗಿ ಅಲ್ಲಿ ಲಾರಿ ಓಡಿಸುತ್ತಿದ್ದ. "ಬಾ ಗುರು, ಇಲ್ಲಿ ಗಾಡಿ ಓಡಿಸೋದು ಅಂದ್ರೆ ಗಾಡಿ ಓಡಿಸೋದು ಅಷ್ಟೇ, ಇಳಿದು ಯಾರಿಗೂ ಹೊಡಿಯೋ ಹಂಗಿಲ್ಲ" ಎಂದು ಫೋನಿನಲ್ಲಿ ಹೇಳಿದ್ದ. ಆ ಮಾತು ಭೈರೇಶನ ಎದೆಯಲ್ಲಿ ಕೂತುಬಿಟ್ಟಿತ್ತು. ಅಲ್ಲಿಗೆ ಹೋಗಲು ಬೇಕಾದದ್ದು ಎರಡು. ಒಂದು, ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಆರು ಬ್ಯಾಂಡ್. ಇನ್ನೊಂದು, ಹೆಸರಿನಲ್ಲಿ ಯಾವ ಕೇಸೂ ಇಲ್ಲ ಎಂಬ ಪೊಲೀಸ್ ಸರ್ಟಿಫಿಕೇಟ್. ಎರಡನೆಯದು ಅವನ ಬಳಿ ಇತ್ತು. ಕಾಂತರಾಜುವಿನ ಫೈಲು ಠಾಣೆಯಲ್ಲಿ ದಪ್ಪಗಾಗುತ್ತಾ ಹೋದರೂ ತಮ್ಮನ ಹೆಸರು ಅದರ ಒಂದು ಹಾಳೆಯಲ್ಲೂ ಬಂದಿರಲಿಲ್ಲ. ಆ ಪುಣ್ಯಾತ್ಮನಿಗಿದ್ದ ಆಸ್ತಿ ಎಂದರೆ ಅದೊಂದೇ.

ಹೊರದೇಶದ ವಿಷಯ ಕಾಂತರಾಜುವಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ ಎಂದಾಗ ನಕ್ಕು, "ಹೋಗೋ, ನಾಲ್ಕಕ್ಷರ ಕಲ್ತ್ರೆ ನಮ್ ಅಗ್ರಿಮೆಂಟ್ ಓದೋಕಾದ್ರೂ ಆಗ್ತೀಯ" ಎಂದಿದ್ದ.

ಕ್ಲಾಸು ಬಸವೇಶ್ವರನಗರದ ಒಂದು ಕ್ಲಿನಿಕ್ಕಿನ ಮಹಡಿಯಲ್ಲಿ. ಪಾಠ ಮಾಡುತ್ತಿದ್ದ ದಾವಣಗೆರೆ ಕಡೆಯ ಸೌಂದರ್ಯಾ ಮಿಸ್ ಗಟ್ಟಿಗಿತ್ತಿ. ಪ್ಲಾಸ್ಟಿಕ್, ಮೊಬೈಲು, ಮುದುಕರು, ಮಕ್ಕಳು, ಅಪರಾಧ, ಜಗತ್ತಿನ ಯಾವ ಕಷ್ಟವನ್ನಾದರೂ ನಾಲ್ಕು ಪ್ಯಾರಾದಲ್ಲಿ ಮುಗಿಸುವುದನ್ನು ಅವರು ಹೇಳಿಕೊಡುತ್ತಿದ್ದರು. ಮೊದಲು ಒಂದು ಕಡೆಯವರ ವಾದ, ಆಮೇಲೆ ಇನ್ನೊಂದು ಕಡೆಯವರದು, ಕೊನೆಗೆ ನಿಮ್ಮ ಅಭಿಪ್ರಾಯ. ಭೈರೇಶ್ ಇದನ್ನೆಲ್ಲ ಬಾಯಿಪಾಠ ಮಾಡಿದ. ಆದರೂ ಅವನ ಪ್ರಬಂಧಗಳು ಐದರ ಮೇಲೆ ಏಳುತ್ತಿರಲಿಲ್ಲ. ಪ್ರತಿ ಹಾಳೆಯ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ, ಉದಾಹರಣೆ ಎಲ್ಲಿ ಎಂದು.

"ನಿಮ್ಮ ಜೀವನದಲ್ಲಿ ನೋಡಿದ್ದು ಏನೂ ಇಲ್ಲೇನ್ರಿ ಭೈರೇಶ್?" ಎಂದು ಮಿಸ್ ಒಂದು ದಿನ ಎಲ್ಲರೆದುರು ಕೇಳಿದರು. "ಕಣ್ಣಾರೆ ಕಂಡಿದ್ದು ಬರೀರಿ. ಆದರೆ ನಾನು ನೋಡಿದೆ, ಅವನು ಮಾಡಿದ ಅಂತ ಕಥೆ ಹೇಳಬ್ಯಾಡ್ರಿ. ಪ್ಯಾಸಿವ್ ವಾಯ್ಸ್ ಹಾಕ್ರಿ. ಯಾರು ಮಾಡಿದ್ದು ಅನ್ನೋದು ಬೇಕಿಲ್ಲ, ಏನಾಯ್ತು ಅನ್ನೋದು ಸಾಕು."

ಅದಾದ ಭಾನುವಾರವೇ ವೆಲ್ಡರ್ ಸಂಪತ್‌ಗೆ ಏಟು ಬಿದ್ದದ್ದು.

ಏಟು ಬಿದ್ದದ್ದು ಎಂದು ನಾನೂ ಬರೆದುಬಿಟ್ಟೆ ನೋಡಿ. ಸರಿಯಾಗಿ ಹೇಳಬೇಕು. ಸಂಪತ್ ವೆಲ್ಡಿಂಗ್ ಕೆಲಸದವನು. ಹನ್ನೊಂದು ವರ್ಷದಿಂದ ಕಾಂತರಾಜುವಿನ ಜಾಗದಲ್ಲಿ ಬಾಡಿಗೆಗೆ ಶೆಡ್ ಹಾಕಿಕೊಂಡಿದ್ದ. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟ ಕಾಂತರಾಜು ಖಾಲಿ ಮಾಡು ಎಂದರೆ ಸಂಪತ್ ಮಾಡದೆ ಕೋರ್ಟಿಗೆ ಹೋಗಿ ಸ್ಟೇ ತಂದ. ಭಾನುವಾರ ಮಧ್ಯಾಹ್ನ, ಪಕ್ಕದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಹೊತ್ತಿನಲ್ಲಿ ಕಾಂತರಾಜು ತಮ್ಮನನ್ನು ಕರೆದುಕೊಂಡು ಶೆಡ್ಡಿಗೆ ನುಗ್ಗಿದ. ಶಟರ್ ಎಳೆದ. ಗೇಟಿಗೆಂದು ಕತ್ತರಿಸಿಟ್ಟಿದ್ದ ಕಬ್ಬಿಣದ ರಾಡು ಅಲ್ಲೇ ಇತ್ತು, ಎತ್ತಿಕೊಂಡ. "ಕೈ ಹಿಡ್ಕೊಳೋ ಇವಂದು" ಎಂದ. ಭೈರೇಶ್ ಹಿಂದಿನಿಂದ ಸಂಪತ್‌ನ ಎರಡೂ ಮಣಿಕಟ್ಟು ಹಿಡಿದ.

ಮೊದಲ ಏಟು ಮಂಡಿಗೆ ಬಿತ್ತು. ಮೂಳೆ ಮುರಿದ ಸದ್ದು ಭೈರೇಶನ ಕೈಯವರೆಗೂ ಬಂತು. ಎರಡು, ಮೂರನೆಯದು ಪಕ್ಕೆಗೆ. ಸಂಪತ್ "ಅಣ್ಣ, ಬಿಟ್ಬಿಡ್ತೀನಿ ಅಣ್ಣ, ನಾಳೆನೇ ಬಿಟ್ಬಿಡ್ತೀನಿ" ಎಂದು ಕೂಗಿದ. ಆಮೇಲೆ ಅವನ ಬಾಯಲ್ಲಿ ರಕ್ತ ತುಂಬಿ ಮಾತು ಬರಲಿಲ್ಲ. ಏಳನೆಯದು ತಲೆಗೆ. ಹಿಡಿದ ಕೈಗಳು ತಟ್ಟನೆ ಭಾರವಾದವು, ಭೈರೇಶ್ ಬಿಟ್ಟ, ಸಂಪತ್ ಮುಖ ಅಡಿಯಾಗಿ ಕಬ್ಬಿಣದ ಪುಡಿಯ ಮೇಲೆ ಬಿದ್ದ. ಯಾರೋ ಆಸ್ಪತ್ರೆಗೆ ಸೇರಿಸಿದರು, ಎಚ್ಚರ ಬರಲಿಲ್ಲ. ಪೊಲೀಸರು ದೂರಿನಲ್ಲಿ ಹೊಡೆದವರು ಅಪರಿಚಿತರು ಎಂದು ಬರೆದುಕೊಂಡರು. ಭೈರೇಶ್ ಅವತ್ತು ಮನೆಗೆ ಹೋಗಿ ಕೈ ತೊಳೆದು, ಅಮ್ಮ ಅಕ್ಕಯ್ಯಮ್ಮ ಬಡಿಸಿದ ಮುದ್ದೆ ಬಸ್ಸಾರು ಉಂಡ. ಚೆನ್ನಾಗಿಯೇ ಉಂಡ. ಅದನ್ನು ನೆನೆದು ಅವನಿಗೆ ಆಮೇಲೆ ತನ್ನ ಮೇಲೇ ಹೇಸಿಗೆಯಾಯಿತು.

ಬುಧವಾರ ಕ್ಲಾಸಿನಲ್ಲಿ ಮಿಸ್ ಕೊಟ್ಟ ವಿಷಯ ಹೀಗಿತ್ತು: ಹಿಂಸೆ ಮಾಡಿದವರಿಗೆ ಜೈಲೇ ಸರಿ ಎನ್ನುತ್ತಾರೆ ಕೆಲವರು, ತಿದ್ದುವುದೇ ಸರಿ ಎನ್ನುತ್ತಾರೆ ಇನ್ನು ಕೆಲವರು, ಚರ್ಚಿಸಿ.

ಭೈರೇಶ್ ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಅಂಚಿಗೆ ಗೆರೆ ಎಳೆದ. ಆಮೇಲೆ ಪೆನ್ನು ತಾನಾಗಿ ಓಡಿತು. ಶಟರ್ ಎಳೆಯಲಾಯಿತು. ಒಬ್ಬ ವೆಲ್ಡರನ ಕೈಗಳನ್ನು ಹಿಡಿಯಲಾಯಿತು. ಕಬ್ಬಿಣದ ರಾಡಿನಿಂದ ಏಳು ಸಲ ಹೊಡೆಯಲಾಯಿತು. ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಎಂದು ಸ್ಕೂಲಿನಲ್ಲಿ ಕರ್ಮಣಿ ಪ್ರಯೋಗ ಕಲಿಯುವಾಗ ಅದರಲ್ಲಿ ರಾಮನ ಹೆಸರಾದರೂ ಇರುತ್ತಿತ್ತು. ಈ ಇಂಗ್ಲಿಷಿನಲ್ಲಿ ಅದೂ ಬೇಕಿಲ್ಲ. ಕೈ ಹಿಡಿಯಲಾಯಿತು, ಅಲ್ಲಿಗೆ ವಾಕ್ಯ ಮುಗಿಯಿತು, ಫುಲ್‌ಸ್ಟಾಪ್ ಇಟ್ಟರೆ ವ್ಯಾಕರಣವೂ ತಪ್ಪಿಲ್ಲ. ಇಂಥ ಸೊಗಸಾದ ಭಾಷೆ ಲೋಕದಲ್ಲಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಕೊನೆಯ ಪ್ಯಾರಾದಲ್ಲಿ, ಇಂಥ ಕೆಲಸ ಮಾಡಿದವನಿಗೆ ಜೈಲೇ ಸರಿ ಎಂದು ತನ್ನ ಜೀವನದ ಮೊದಲ ಅಭಿಪ್ರಾಯ ಬರೆದ. ಬರೆಯುವಾಗ ಅವನ ಕಣ್ಣ ಮುಂದಿದ್ದದ್ದು ಅಣ್ಣನ ಮುಖ ಮಾತ್ರ.

ಏಳು ಬ್ಯಾಂಡ್ ಬಂತು. "ಭಾಳ ಚಂದ ಕಲ್ಪನೆ ಮಾಡೀರಿ" ಎಂದು ಮಿಸ್ ಬೆನ್ನು ತಟ್ಟಿದರು. ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಹುಟ್ಟಿದಾಗಿನಿಂದ ಬರವಣಿಗೆಗೆ ಬೈಗುಳವನ್ನಷ್ಟೇ ತಿಂದಿದ್ದ ನಮ್ಮ ಭೈರೇಶ್ ಹಿಗ್ಗಿ ಹೀರೆಕಾಯಿಯಾದ. ಹಿಗ್ಗಿನಲ್ಲಿ ಬುದ್ಧಿ ಮಂಕಾಯಿತು. ಕಾಂತರಾಜುವಿನ ಮಗಳು ಸ್ಪಂದನ ಪಿಯುಸಿ ಓದುತ್ತಿದ್ದಳು, ಚಿಕ್ಕಪ್ಪನ ಸ್ಪೆಲಿಂಗ್ ತಿದ್ದುತ್ತಿದ್ದವಳು ಅವಳೇ. ಅವಳಿಗೂ ಕಳಿಸಿಬಿಟ್ಟ. ಯಾರ ಹೆಸರೂ ಇಲ್ಲವಲ್ಲ, ಯಾರಿಗೆ ಏನು ಗೊತ್ತಾಗುತ್ತದೆ ಎಂದು ಅವನ ಲೆಕ್ಕ.

ಮರುಭಾನುವಾರ ಬೆಳಿಗ್ಗೆ ಕಾಂತರಾಜುವಿನ ಮನೆಯಲ್ಲಿ ಎಲ್ಲರೂ ಇಡ್ಲಿ ತಿನ್ನುತ್ತಿದ್ದರು. ಭೈರೇಶನೂ ಇದ್ದ. ಅವನ ಪರೀಕ್ಷೆಗೆ ಇನ್ನು ಆರು ದಿನವಿತ್ತು.

"ಅಪ್ಪ, ಚಿಕ್ಕಪ್ಪ ಎಷ್ಟ್ ಚೆನ್ನಾಗಿ ಬರ್ದಿದಾರೆ ಗೊತ್ತಾ" ಎಂದಳು ಸ್ಪಂದನ ಫೋನ್ ಎತ್ತಿಕೊಂಡು.

"ಹೌದೇನೋ? ಓದಮ್ಮ ಕೇಳಣ. ಕನ್ನಡದಲ್ಲಿ ಹೇಳು, ನಂಗೆ ಆ ಟಸ್‌ಪುಸ್ ಅರ್ಥವಾಗಲ್ಲ" ಎಂದ ಕಾಂತರಾಜು. ತಮ್ಮನ ಮೇಲೆ ಅವನಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು.

ಭೈರೇಶ್ ಅವಳ ಫೋನಿಗೆ ಕೈ ಚಾಚಿ, "ಆಮೇಲ್ ಓದುವಂತೆ ಬಿಡೇ" ಎಂದ. ಅವಳು ಬಿಡಲಿಲ್ಲ.

"ಒಬ್ಬ ವೆಲ್ಡರ್ ಇರ್ತಾನೆ ಅಪ್ಪ. ಶಟರ್ ಎಳೀತಾರೆ. ರಾಡಲ್ಲಿ ಏಳ್ ಸಲ ಹೊಡೀತಾರೆ. ಅವನ ಕೈ ಹಿಡ್ಕೊಂಡಿರ್ತಾರೆ." ಅವಳು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. "ಯಾರು ಹಿಡ್ಕೊಂಡ್ರು ಅಂತ ಬರ್ದಿಲ್ಲ. ಇಂಗ್ಲಿಷಲ್ಲಿ ನಡಿಯತ್ತೆ, ಕನ್ನಡದಲ್ಲಿ ಹೇಳೋಕೋದ್ರೆ ಯಾರೋ ಒಬ್ರು ಬೇಕಾಗತ್ತೆ. ಚಿಕ್ಕಪ್ಪ, ಯಾರು ಹಿಡ್ಕೊಂಡಿದ್ದು?"

ಕಾಂತರಾಜು ಕೈಯಲ್ಲಿದ್ದ ತುತ್ತನ್ನು ಚಟ್ನಿಗೆ ಅದ್ದಿ ತಿಂದು, ನೀರು ಕುಡಿದು, "ಎಷ್ಟ್ ಜನ ಓದಿದಾರಮ್ಮ ಇದನ್ನ?" ಎಂದು ಕೇಳಿದ.

"ಗ್ರೂಪಲ್ಲಿ ಅರವತ್ತು ಜನ ಇದಾರಂತಪ್ಪ."

"ಚೆನ್ನಾಗಿದೆ" ಎಂದು ಅವನು ಎದ್ದ. "ಬಾರೋ ಭೈರೇಶ, ಟಿಪ್ಪರ್ ಒಂಚೂರು ನೋಡ್ಬೇಕು."

ಗಾಡಿ ನಿಲ್ಲಿಸುವ ಶೆಡ್ ಮನೆಯ ಹಿಂದೆಯೇ ಇತ್ತು. ಒಳಗೆ ಕಾಲಿಟ್ಟದ್ದೇ ಮೊದಲ ಗುದ್ದು ಬಾಯಿಗೆ ಬಿತ್ತು, ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಬಿದ್ದವನ ಹೊಟ್ಟೆಗೆ ಕಾಂತರಾಜು ಒದ್ದ, ಉಸಿರು ಕಟ್ಟಿ ಅವನು ಮುದುಡಿಕೊಂಡ ಮೇಲೂ ಒದ್ದ. "ಅನ್ನ ಹಾಕಿದ ಮನೆಗೇ ಗುಂಡಿ ತೋಡ್ತೀಯೇನೋ ನನ್ಮಗನೆ" ಎನ್ನುತ್ತಾ ಒದ್ದ. ಆಮೇಲೆ ಕುತ್ತಿಗೆ ಪಟ್ಟಿ ಹಿಡಿದು ಟಿಪ್ಪರಿನ ಬಳಿಗೆ ಎಳೆದೊಯ್ದು, ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು, "ಇದೇ ತಾನೆ ಬರ್ದಿದ್ದು" ಎಂದ. ಇನ್ನೊಂದು ಕೈಯಿಂದ ಬಾಗಿಲನ್ನು ಬೀಸಿ ಹಾಕಿದ. ಭೈರೇಶನ ಕಿರುಚಾಟ ಕೇಳಿ ಮನೆಯೊಳಗೆ ಯಾರೋ ಟೀವಿಯ ಸದ್ದು ಜೋರು ಮಾಡಿದರು. ಕಾಂತರಾಜು ಬಾಗಿಲು ತೆರೆದು ಮತ್ತೊಮ್ಮೆ ಹಾಕಿದ. ಮೂರು ಬೆರಳು ಮುರಿದವು.

ಆಗ ಫೋನ್ ಬಂತು. ಕಾಂತರಾಜು ಕೇಳಿಸಿಕೊಂಡು, ಹೂಂ ಹೂಂ ಎಂದು ಇಟ್ಟ. ಸಂಪತ್ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸತ್ತಿದ್ದ.

ಕಾಂತರಾಜು ಹಳೆಯ ಟಯರಿನ ಮೇಲೆ ಕೂತು ಬೆವರು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಅವನ ದನಿ ಮೆತ್ತಗಾಯಿತು. "ಇನ್ನು ಯಾರಾದ್ರೂ ಒಬ್ರು ಸರೆಂಡರ್ ಆಗ್ಲೇಬೇಕು ಕಣೋ. ಹೆಂಗೂ ಎಲ್ಲಾ ಬರ್ದಿದೀಯ, ನೀನೇ ಹೋಗು. ಒಬ್ನೇ ಹೋಗಿದ್ದೆ, ಒಬ್ನೇ ಹೊಡ್ದೆ ಅನ್ನು. ಹೊಸ ಹುಡುಗ, ಹಳೇ ಕೇಸಿಲ್ಲ, ಬೇಗ ಬೇಲ್ ಆಗತ್ತೆ. ನಿಮ್ಮಮ್ಮನ್ನ ನಾನ್ ನೋಡ್ಕೊತೀನಿ." ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, "ಠಾಣೆಲಿ ಬೇರೆ ಏನಾದ್ರೂ ಅಂದ್ರೂ ನೋಡ್ಕೊತೀನಿ" ಎಂದ. ಅಕ್ಕಯ್ಯಮ್ಮ ಇದ್ದದ್ದು ಅವನದೇ ಮನೆಯ ಕೆಳಗಿನ ಪೋರ್ಷನ್ನಿನಲ್ಲಿ.

ಭೈರೇಶ್ ತಲೆಯಾಡಿಸಿದ. ಪರೀಕ್ಷೆ, ಸರ್ಟಿಫಿಕೇಟು, ನ್ಯೂಜಿಲೆಂಡು ಎಲ್ಲ ಮಣ್ಣುಪಾಲಾಯಿತು ಎಂದು ಅವನಿಗೆ ಗೊತ್ತಾಗಿತ್ತು. ಒಳಗೊಳಗೇ ಕುದಿಯುತ್ತಿದ್ದ. ಕೊಂದವನು ಅವನು, ಜೈಲಿಗೆ ನಾನೇ. ಠಾಣೆಯ ದಾರಿಯುದ್ದಕ್ಕೂ ಅವನಿಗೆ ಬಂದ ಯೋಚನೆ ಅದೊಂದೇ.

ಠಾಣೆಯಲ್ಲಿ ಕಾಂತರಾಜುವಿಗೆ ಕುರ್ಚಿ ಸಿಕ್ಕಿತು. ಅವನ ಲಾಯರು ಮಧ್ವೇಶ್ ಆಗಲೇ ಬಂದು ಕೂತಿದ್ದ. ಗೋಡೆಯ ಪಕ್ಕದ ಬೆಂಚಿನ ಮೇಲೆ ಸಂಪತ್‌ನ ಹೆಂಡತಿ ವಚನಾ, ಪೋಸ್ಟ್‌ಮಾರ್ಟಮ್ ಕಾಗದಕ್ಕೆ ಸಹಿ ಹಾಕಲು ಬಂದವಳು, ಚೀಲ ತಬ್ಬಿಕೊಂಡು ಕೂತಿದ್ದಳು. ಹೇಳಿಕೆ ಬರೆದುಕೊಳ್ಳುವ ರೈಟರ್ ಹಾಳೆ ಸರಿಮಾಡಿಕೊಂಡು, "ಹೇಳಪ್ಪ, ಏನಾಯ್ತು?" ಎಂದ.

"ಸಂಪತ್‌ಗೆ ಏಟ್ ಬಿತ್ತು ಸಾರ್."

"ಬಿತ್ತು ಅಂದ್ರೆ ಮೇಲಿಂದ ಬಿತ್ತಾ? ಯಾರು ಹೊಡ್ದಿದ್ದು?"

"ನಾನೊಬ್ನೇ ಹೊಡ್ದೆ ಅನ್ನಪ್ಪ" ಎಂದು ಮಧ್ವೇಶ್ ಮೆಲ್ಲಗೆ ನೆನಪಿಸಿದ.

ವಚನಾ ಬೆಂಚಿನಿಂದ ಎದ್ದು ಬಂದಳು. ಅವಳು ಅಳುತ್ತಿರಲಿಲ್ಲ. "ಒಬ್ನೇನಾ?" ಎಂದು ಭೈರೇಶನನ್ನೇ ನೋಡಿ ಕೇಳಿದಳು. "ಅವ್ರ ಎರಡೂ ಮಣಿಕಟ್ಟಲ್ಲಿ ಬೆರಳಚ್ಚು ಮೂಡಿತ್ತು, ಕಪ್ಪಗೆ. ಆಸ್ಪತ್ರೆಲಿ ಮೈ ಒರೆಸುವಾಗ ದಿನಾ ಉಜ್ತಿದ್ದೆ, ಹೋಗ್ತಾನೇ ಇರ್ಲಿಲ್ಲ. ಕೈ ಅಡ್ಡ ಇಟ್ಟಿದ್ರೆ ತಲೆ ಉಳೀತಿತ್ತು ಅಂದ್ರು ಡಾಕ್ಟ್ರು. ಕೈ ಯಾರಪ್ಪ ಹಿಡ್ಕೊಂಡಿದ್ದು?"

ಕೊಂದವನು ಕಾಂತರಾಜು, ನಾನು ಬರೀ ನಿಂತಿದ್ದವನು ಎಂದೇ ಭೈರೇಶ್ ಎಂಟು ದಿನ ನಂಬಿಕೊಂಡಿದ್ದ. ಸಂಪತ್‌ನ ಕೈಗಳು ತನ್ನ ಮುಷ್ಟಿಯೊಳಗೆ ಮೇಲಕ್ಕೇಳಲು ಕೊಸರಾಡಿದ್ದು, ತಾನು ಇನ್ನೂ ಬಿಗಿಯಾಗಿ ಹಿಡಿದದ್ದು ಈಗ ನೆನಪಾಯಿತು. ಅಮ್ಮನ ನೆನಪೂ ಆಯಿತು, ಭಯವೂ ಆಯಿತು. ಆದರೆ ಆ ಹೆಂಗಸು ಎದುರಿಗೆ ನಿಂತಿದ್ದಳು.

"ನಾನು ಹಿಡ್ಕೊಂಡಿದ್ದೆ ಅಕ್ಕ" ಎಂದ. ಆಮೇಲೆ ರೈಟರ್ ಕಡೆ ತಿರುಗಿ, "ರಾಡಲ್ಲಿ ಹೊಡ್ದಿದ್ದು ಕಾಂತರಾಜಣ್ಣ ಸಾರ್. ಏಳು ಏಟು. ಏಳಕ್ಕೂ ಕೈ ಹಿಡ್ದಿದ್ದು ನಾನು. ಮಧ್ಯ ಬಿಟ್ಟಿದ್ರೂ ಬದುಕ್ತಿದ್ರು, ಬಿಡ್ಲಿಲ್ಲ. ಎರಡೂ ಬರ್ಕೊಳಿ" ಎಂದ.

ಕುರ್ಚಿ ಮಗುಚಿ ಬಿತ್ತು. ಕಾಂತರಾಜು ಹಾರಿ ಬಂದು ತಮ್ಮನ ಎದೆಗೆ ಒದ್ದ, ಕುತ್ತಿಗೆಗೆ ಕೈ ಹಾಕಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಅವನನ್ನು ಬಿಡಿಸಿ ಗೋಡೆಗೆ ಒತ್ತಿ ಹಿಡಿದರು. ಅರವತ್ತು ಜನರ ಫೋನಿನಲ್ಲಿ ಪ್ರಬಂಧವಿದೆ ಎಂದು ಮಧ್ವೇಶನಿಗೂ ಗೊತ್ತಿತ್ತು, ಅವನು ಬ್ಯಾಗು ಮುಚ್ಚಿಕೊಂಡ. ವಚನಾ ಬೆಂಚಿಗೆ ಹೋಗಿ ಕೂತು, ಆಗ ಅತ್ತಳು.

ರೈಟರ್ ಕನ್ನಡದಲ್ಲಿ ನಿಧಾನವಾಗಿ ಎರಡು ಹಾಳೆ ಬರೆದ. ನಾನು, ಭೈರೇಶ್ ಬಿನ್ ಬೈರಪ್ಪ, ಎಂದು ಶುರುವಾಗಿ, ಪ್ರತಿ ಸಾಲಿನಲ್ಲೂ ಯಾರು ಏನು ಮಾಡಿದರು ಎಂದಿತ್ತು. ಓದಿ ಹೇಳಿ, ಪೆನ್ನು ಕೊಟ್ಟ. ಊದಿಕೊಂಡ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ, ಎರಡು ಸಲ ಬಿತ್ತು.

"ಓದು ಬರಹ ಬರತ್ತೇನೋ ನಿಂಗೆ?" ಎಂದು ಕೇಳಿದ ರೈಟರ್.

"ಬರತ್ತೆ ಸಾರ್. ಶನಿವಾರ ಪರೀಕ್ಷೆ ಇತ್ತು."

ರೈಟರ್ ಶಾಯಿಯ ಡಬ್ಬಿ ತೆಗೆದು ಮುಂದಿಟ್ಟ. ಭೈರೇಶ್ ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಹಾಳೆಯ ಕೊನೆಯಲ್ಲಿ ತನ್ನ ಹೆಸರಿನ ಪಕ್ಕ ಗುರುತು ಹಾಕಿದ.