ಒಂದು ಭಾನುವಾರದ ಬಿಡುವು

ಕೋಣನಕುಂಟೆಯ ಸೊಣ್ಣಮ್ಮ ಕೈ ಆಸರೆ ಕೊಡದಿದ್ದರೆ ಅವಳ ಅತ್ತೆಗೆ ಮಗ್ಗುಲು ಹೊರಳಲೂ ಆಗುತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಮುದುಕಿಯ ಎಡಗಡೆಯೆಲ್ಲ ಕೊರಡು. ಮಾತು ಅರ್ಧ ಉಳಿದಿತ್ತು. ಗಂಡ ಸತ್ತ ಸೊಣ್ಣಮ್ಮ ಕೆಳಗಿನ ಮನೆಯಲ್ಲಿ ಅವಳ ಹೇಲು ಉಚ್ಚೆ ಬಳಿಯುತ್ತ ಇದ್ದಳು. ಮೈದುನ ಚಿಕ್ಕಬೈರಪ್ಪ, ಹಳೇ ರಾಗಿಹೊಲದಲ್ಲಿ ಎಬ್ಬಿಸಿದ ಅದೇ ಕಟ್ಟಡದ ಮಹಡಿಯಲ್ಲಿ ಹೆಂಡತಿ ಮುನಿಲಕ್ಷ್ಮಮ್ಮನ ಜೊತೆ ಇದ್ದ. ಹಬ್ಬ ಬಂದರೆ ಇಬ್ಬರೂ ಇಳಿದು ಬಂದು ತಾಯಿಯ ಕಾಲು ಮುಟ್ಟಿ ಮತ್ತೆ ಮೆಟ್ಟಿಲು ಹತ್ತುವರು.

ಹೇಗೋ ನಡೆದುಕೊಂಡು ಹೋಗುತ್ತಿತ್ತು. ಗೊಟ್ಟಿಗೆರೆಗೆ ಕೊಟ್ಟ ಮಗಳು ಚೈತ್ರ ಬಸುರಿಯಾದ ಮೇಲೆ ಸೊಣ್ಣಮ್ಮನಿಗೆ ದಿಗಿಲು ಹತ್ತಿತು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಮುದುಕಿಗೂ ಬಾಣಂತಿಗೂ ನೀರು ಹುಯ್ಯೋಕೆ ಇರುವುದು ಇವಳೊಬ್ಬಳೇ. ಮಗಳು ಬಂದಿರುವಷ್ಟು ದಿನ ಅತ್ತೆಯನ್ನು ಮಹಡಿಯವರು ನೋಡಿಕೊಂಡರೆ ಸಾಕಿತ್ತು. ಕೇಳಿದ್ದಕ್ಕೆ ಮುನಿಲಕ್ಷ್ಮಮ್ಮ, "ಅವ್ವಂಗೆ ನಿನ್ನ ಕೈಯೇ ಒಗ್ಗಿಹೋಗೈತೆ ಕಣಕ್ಕ. ನಾವು ಮುಟ್ಟಿದ್ರೆ ಕಿರುಚ್ತಾರೆ" ಅಂದು ನಕ್ಕಳು.

ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು ಜಯನಗರದಲ್ಲಿ ಒಂದು ಕಡೆ ಸೇರಿ ಕಷ್ಟಸುಖ ಹೇಳಿಕೊಳ್ಳುತ್ತಾರೆ ಅಂತ ಚೈತ್ರಳೇ ಫೋನಿನಲ್ಲಿ ನೋಡಿ ಹೇಳಿದ್ದು. ಅತ್ತೆಯ ಮಾತ್ರೆ ತರುವ ನೆವ ಹೇಳಿ ಸೊಣ್ಣಮ್ಮ ಬಸ್ಸು ಹತ್ತಿದಳು. ಸಭೆ ನಡೆಸುವ ಹಂಸಾ ಮೇಡಂ ಅವಳ ಕೈ ಹಿಡಿದು ಕೂತು ಪೂರ್ತಿ ಕೇಳಿಸಿಕೊಂಡರು. ಅಷ್ಟಕ್ಕೇ ಅವಳಿಗೆ ಅಳು ಬಂತು.

"ಒಂದು ಭಾನುವಾರ ಹೊರಟುಬಿಡಿ ಸೊಣ್ಣಮ್ಮ. ಹೇಳೇ ಹೋಗಿ, ಆದ್ರೆ ಹೋಗಿ. ಅದೆಷ್ಟು ಕಷ್ಟ ಅಂತ ಅವರಿಗೂ ಗೊತ್ತಾಗ್ಲಿ."

"ಏನೂ ಮಾಡ್ದೆ ಹಂಗೇ ಬಿಟ್ಬಿಟ್ರೆ ಮೇಡಂ?"

"ಹೆತ್ತ ತಾಯಿ ಅಲ್ವೇನ್ರೀ? ಯಾರಾದ್ರೂ ಬಿಡ್ತಾರಾ?"

ಮರೆವಿನ ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ಚಕ್ರಪಾಣಿ ಎಂಬ ರಿಟೈರ್ಡ್ ಮೇಷ್ಟ್ರು ಬಾಯಿ ಹಾಕಿದರು. "ನಾನೂ ಹೀಗೇ ಮಾಡಿದ್ದಮ್ಮ. ನಾದಿನಿ ಓಡಿ ಬಂದ್ಲು. ಈಗ ವಾರಕ್ಕೊಂದಿನ ನಂಗೆ ಲಾಲ್‌ಬಾಗು, ಮಸಾಲೆದೋಸೆ!"

ಎಲ್ಲರೂ ನಕ್ಕರು. ಸೊಣ್ಣಮ್ಮನೂ ಕಣ್ಣೊರೆಸಿಕೊಂಡು ನಕ್ಕಳು.

ಆ ಭಾನುವಾರ ಅತ್ತೆಗೆ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಗಂಜಿ ಕುಡಿಸಿ, ಮುದ್ದೆ ಸಾರು ಮುಚ್ಚಿಟ್ಟು, ಮಹಡಿಗೆ ಹೋಗಿ ಹೇಳಿದಳು. "ಹೋಗ್ಬಾ ಅಕ್ಕ, ನಾವಿದ್ದೀವಿ" ಅಂದಳು ಮುನಿಲಕ್ಷ್ಮಮ್ಮ. ಗೊಟ್ಟಿಗೆರೆಯಲ್ಲಿ ಮಗಳ ತಲೆಗೆ ಎಣ್ಣೆ ತಟ್ಟಿ, ಉಂಡು, ಅವಳ ಪಕ್ಕದಲ್ಲೇ ಮಲಗಿ ನಿದ್ದೆಹೋದಳು. ಹಗಲು ನಿದ್ದೆ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಹೊತ್ತು ಇಳಿಯುವಾಗ ಬಂದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಮುದುಕಿ ಹೋಗಿಬಿಟ್ಟಳೇನೋ ಎಂದು ಒಳಗೆ ನುಗ್ಗಿದಳು. ಹೋಗಿರಲಿಲ್ಲ. ನಡುಮನೆ ತುಂಬ ನೆಂಟರು, ನಡುವೆ ಊರ ಹಿರಿಯ ವೆಂಕಟಸ್ವಾಮಿ, ಎಲ್ಲರ ಕೈಯಲ್ಲೂ ಕಾಫಿ ಲೋಟ. ಮಂಚದ ಮೇಲೆ ಅತ್ತೆ ಬೆಳಿಗ್ಗೆ ಉಡಿಸಿದ ಬಟ್ಟೆಯಲ್ಲೇ ಸೊಂಟದತನಕ ನೆಂದು, ಗಬ್ಬೆದ್ದು ಮಲಗಿದ್ದಳು. ಮುದ್ದೆಗೆ ಮುಚ್ಚಿದ ತಟ್ಟೆ ಮುಚ್ಚಿದಂತೆಯೇ ಇತ್ತು.

"ಅಯ್ಯೋ, ಬಟ್ಟೆನಾದ್ರೂ ತೆಗೀಬಾರ್ದಿತ್ತೇನೇ?"

ಮುನಿಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದಿದ್ದಳು. "ನಾಲ್ಕು ಜನ ನೋಡ್ಲಿ ಅಂತ್ಲೇ ಹಂಗೇ ಇಟ್ಟಿದ್ದೀನಿ. ತೊಳೆದುಬಿಟ್ಟಿದ್ರೆ ನೀನು ಬಿಟ್ಟೋದೆ ಅನ್ನೋ ನನ್ನ ಮಾತು ಯಾರು ನಂಬ್ತಿದ್ರು?"

ಸೊಣ್ಣಮ್ಮ ನೀರು ಕಾಯಿಸಲು ಒಳಗೆ ತಿರುಗಿದಳು.

"ಇರಮ್ಮ, ನ್ಯಾಯ ಮುಗೀಲಿ," ವೆಂಕಟಸ್ವಾಮಿ ತಡೆದರು.

"ನ್ಯಾಯ ಇನ್ನೇನಣ್ಣ," ಅಂದ ಚಿಕ್ಕಬೈರಪ್ಪ. "ಬಾಣಂತನ ಮಗಳ ಅತ್ತೆ ಮನೇಲೇ ಆಗ್ಲಿ. ಇವಳು ಇಲ್ಲಿಂದ ಅಲ್ಲಾಡಬಾರ್ದು."

ವೆಂಕಟಸ್ವಾಮಿ ಮಂಚದ ಕಡೆ ಬಾಗಿದರು. "ನೀನೇನಂತೀಯವ್ವ?"

ಮುದುಕಿಯ ಬಾಯಿ ಒಂದು ಕಡೆಗೆ ಎಳೆಯಿತು. "ಬಿಟ್ಟೋದ್ಲು," ಅಂದಳು. ಆಮೇಲೆ ಉಸಿರು ಕೂಡಿಸಿಕೊಂಡು, "ಆಣೆ... ಇಡ್ಸಿ."

ಮನೆದೇವರ ಮುಂದೆ ದೀಪ ಹಚ್ಚಿದರು. ದೀಪ ಮುಟ್ಟಿ ಇಟ್ಟ ಆಣೆಯನ್ನು ಆ ವಂಶದಲ್ಲಿ ಯಾರೂ ಮೀರಿದವರಿಲ್ಲ. ಸೊಣ್ಣಮ್ಮ ಮುಟ್ಟಿದಳು. ಅತ್ತೆಯ ಉಸಿರಿರೋತನಕ ಈ ಹೊಸ್ತಿಲು ದಾಟಲ್ಲ, ಈ ಮನೇಲಿ ಇನ್ನೊಬ್ಬರ ಆರೈಕೆ ಮಾಡಲ್ಲ ಅಂತ ವೆಂಕಟಸ್ವಾಮಿ ಹೇಳಿಕೊಟ್ಟಂತೆ ಹೇಳಿದಳು. ನೆಂಟರು ಲೋಟ ಕೆಳಗಿಟ್ಟು ಎದ್ದರು.

ಅವರು ಹೋದ ಮೇಲೆ ಸೊಣ್ಣಮ್ಮ ಅತ್ತೆಯನ್ನು ತೊಳೆದಳು. ಬೆನ್ನ ಕೆಳಗಿನ ಚರ್ಮ ಸುಲಿದಿತ್ತು. ದಿನಾ ಒರೆಸುವಷ್ಟೇ ಮೆಲ್ಲಗೆ ಒರೆಸಿ, ಪುಡಿ ಹಾಕಿ, ದಿಂಬಿಗೆ ಒರಗಿಸಿದಳು. ಸಾರು ಬಿಸಿ ಮಾಡಿ ತರುವಷ್ಟರಲ್ಲಿ ಚೈತ್ರಳ ಫೋನು. ಫೋನು ಎಂಜಲಾಗುತ್ತದೆಂದು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಳು. ಆಣೆಯ ಮಾತನ್ನು ಒಂದೂ ಬಿಡದೆ ಹೇಳಿದಳು.

"ಹಂಗಾದ್ರೆ ನಾನು ಬರೋದೇ ಬೇಡ್ವೇನಮ್ಮ?" ಅತ್ತ ಕಡೆ ಮಗಳು ಅಳುತ್ತಿದ್ದಳು.

"ಅಳ್ಬೇಡ, ಹೊಟ್ಟೇಲಿರೋ ಕೂಸಿಗೆ ಆಗಲ್ಲ. ನಿಂಗಿನ್ನೂ ಎರಡು ತಿಂಗಳೈತಲ್ಲ?" ಸೊಣ್ಣಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. "ಅಷ್ಟರಲ್ಲಿ ಈ ಮಂಚ ಖಾಲಿಯಾಗಿರುತ್ತೆ. ಬಾ."

ತುತ್ತು ಬಾಯ ಹತ್ತಿರ ಹೋಯಿತು. ಮುದುಕಿ ಸೊಸೆಯ ಮುಖವನ್ನೇ ನೋಡಿದಳು. ನೆಟ್ಟಗಿದ್ದ ಅರ್ಧ ತುಟಿ ಬಿಗಿಯಿತು.

"ಆ ಅನ್ನಿ ಅತ್ತೆ," ಅಂದಳು ಸೊಣ್ಣಮ್ಮ. "ಆ..."